ಜಿಪ್ಸಿಗೆ ಬಲೆನೋ ಎಂಜಿನ್: ಯಾವ ಭಾಗವನ್ನು ಮಾರ್ಪಡಿಸಬಹುದು, ಯಾವುದನ್ನು ಮುಟ್ಟಬಾರದು

ಮಾರುತಿ ಜಿಪ್ಸಿಯ 1.3 ಲೀಟರ್ ಎಂಜಿನ್ ಇಳಿಸಿ, ಹಳೆಯ ಬಲೆನೋ ಕಾರಿನ 1.6 ಲೀಟರ್ ಎಂಜಿನ್ ಕೂರಿಸುವುದು ಜಿಪ್ಸಿ ಇಟ್ಟುಕೊಂಡವರ ನಡುವೆ ಮತ್ತೆ ಮತ್ತೆ ಮಾತಿಗೆ ಬರುವ ಕೆಲಸ. ಎರಡೂ ಸುಜುಕಿಯ ಜಿ ಸರಣಿಯ ಎಂಜಿನ್‌ಗಳಾದ್ದರಿಂದ ಕೆಲಸ ಸುಲಭವೆಂಬ ಭಾವನೆ ಹಬ್ಬಿದೆ. ಆದರೆ ಹೀಗೆ ಮಾಡಿದ ಗಾಡಿ ಘಾಟಿಯ ನಡುವೆ ಕೈಕೊಟ್ಟಾಗ ಬಿಚ್ಚಿ ನೋಡಿದರೆ, ಸುಜುಕಿ ಎರಕ ಹೊಯ್ದ ಭಾಗ ಮುರಿದಿರುವುದು ಅಪರೂಪ. ಎಂಜಿನ್ ಕೂರಿಸಲೆಂದು ನಾವು ಕತ್ತರಿಸಿದ, ಬೆಸೆದ, ಕೊರೆದ ಭಾಗವೇ ಸಾಮಾನ್ಯವಾಗಿ ಸೋತಿರುತ್ತದೆ. ಆದ್ದರಿಂದ ಈ ಲೇಖನವು ಎಂಜಿನ್ ಬದಲಿಸುವ ಇಡೀ ವಿಧಾನವನ್ನು ಹೇಳುವುದಿಲ್ಲ. ಆ ಕೆಲಸದಲ್ಲಿ ಮಾರ್ಪಡುವ ಒಂದೊಂದು ಭಾಗವೂ ಎಲ್ಲಿ, ಹೇಗೆ ಸೋಲುತ್ತದೆ, ಸೋಲದಂತೆ ಏನನ್ನು ಅಳೆದು ನೋಡಬೇಕು ಎಂಬುದನ್ನು ಕೆಲಸ ಸಾಗುವ ಕ್ರಮದಲ್ಲೇ ವಿವರಿಸುತ್ತದೆ. ಬೇರೆ ಗಾಡಿಗೆ ಬೇರೆ ಎಂಜಿನ್ ಹಾಕುವವರಿಗೂ ಇದರ ಬಹುಪಾಲು ಅನ್ವಯಿಸುತ್ತದೆ.

ಹಂತ 1: ಎಂಜಿನ್ ಕೊಳ್ಳುವ ಮೊದಲು ಕಾಗದ

1988ರ ಮೋಟಾರು ವಾಹನಗಳ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ಸೂಚಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಈ ಕಲಮನ್ನು ಕಟ್ಟುನಿಟ್ಟಾಗಿಯೇ ಓದಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಹೊಸ ರೂಪ ಪಡೆದ 182ಎ ಕಲಮು, ನಿಯಮ ಮೀರಿ ಮಾರ್ಪಡಿಸಿದ ಮಾಲೀಕರಿಗೆ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಡುತ್ತದೆ. ರಸ್ತೆಯ ಮೇಲೆ ಓಡಿಸುವ ಗಾಡಿಯಾದರೆ, ಆರ್‌ಟಿಒ ಕಚೇರಿಯಿಂದ ಬರಹದಲ್ಲಿ ಅನುಮತಿ ಪಡೆಯದೆ ಒಂದು ಬೋಲ್ಟನ್ನೂ ಸಡಿಲಿಸಬಾರದು. ಮೂಲ ಬಗೆಯ 1.3 ಎಂಜಿನ್ ಅನ್ನೇ ಅನುಮತಿಯೊಂದಿಗೆ ಬದಲಿಸಿಕೊಳ್ಳುವುದು ಅಂಥವರಿಗೆ ಹೆಚ್ಚು ನೇರವಾದ ದಾರಿ. ಸಿಸಿ ಹೆಚ್ಚಿಸುವ ಈ ಬದಲಾವಣೆ, ತೋಟದ ಬೇಲಿಯೊಳಗೆ ದುಡಿಯುವ ಅಥವಾ ಸ್ಪರ್ಧೆಗೆಂದೇ ಲಾರಿಯ ಮೇಲೆ ಸಾಗಿಸುವ ಜಿಪ್ಸಿಗೆ ಹೊಂದುವಂಥದ್ದು. ವಿಮಾ ಕಂಪನಿಗೆ ತಿಳಿಸದ ಎಂಜಿನ್ ಅಪಘಾತದ ದಿನ ಏನಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಗುಜರಿಯಿಂದ ಎಂಜಿನ್ ತರುವಾಗ ಅದರ ಸಂಖ್ಯೆ ಉಜ್ಜದೆ ಇದೆಯೇ, ಮಾರುವವರು ರಸೀದಿ ಕೊಡುತ್ತಾರೆಯೇ ಎಂಬೆರಡನ್ನೂ ನೋಡದೆ ಹಣ ಕೊಡಬೇಡಿ.

ಹಂತ 2: ಎರಡು ಎಂಜಿನ್‌ಗಳನ್ನೂ ಪಕ್ಕಪಕ್ಕದಲ್ಲಿಟ್ಟು ಅಳೆಯಿರಿ

1985ರಲ್ಲಿ ಜಿಪ್ಸಿ ಬಂದಾಗ ಅದರಲ್ಲಿದ್ದದ್ದು 970 ಸಿಸಿಯ ಎಂಜಿನ್. 1996ರ ಜಿಪ್ಸಿ ಕಿಂಗ್‌ನಲ್ಲಿ 1298 ಸಿಸಿಯ ಕಾರ್ಬುರೇಟರ್ ಎಂಜಿನ್ ಬಂತು. 2000ದ ಹೊತ್ತಿಗೆ ಅದು ಹದಿನಾರು ವಾಲ್ವಿನ ಎಂಪಿಎಫ್ಐ (ಪ್ರತಿ ಸಿಲಿಂಡರಿಗೂ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್) ಆಗಿ ಸುಮಾರು 80 ಅಶ್ವಶಕ್ತಿ ಕೊಡತೊಡಗಿತು. ಬಲೆನೋದ 1590 ಸಿಸಿಯ ಎಂಜಿನ್ ಸುಮಾರು 94 ಅಶ್ವಶಕ್ತಿಯದು. ಆದರೆ ಮಾರ್ಪಾಡಿನ ದೃಷ್ಟಿಯಿಂದ ಮುಖ್ಯವಾದ ಅಂಕಿ ಬೇರೆ ಇದೆ. 1.3ರ ಸಿಲಿಂಡರ್ ವ್ಯಾಸ 74 ಮಿಲಿಮೀಟರ್, ಪಿಸ್ಟನ್ ಓಟ 75.5 ಮಿಲಿಮೀಟರ್, 1.6ರಲ್ಲಿ ವ್ಯಾಸ 75 ಆದರೆ ಓಟ 90. ಹೆಚ್ಚಿದ ಸಿಸಿಯ ಬಹುಪಾಲು ಬಂದಿರುವುದು ಉದ್ದನೆಯ ಓಟದಿಂದ. ಅಂದರೆ ಬ್ಲಾಕ್ ಎತ್ತರವಾಗಿದೆ, ಮ್ಯಾನಿಫೋಲ್ಡ್‌ಗಳು ಮೇಲಕ್ಕೆ ಸರಿದಿವೆ, ಬಾನೆಟ್ಟಿನ ಕೆಳಗಿನ ಜಾಗ ಕಿರಿದಾಗಿದೆ. ಇನ್ನೂ ದೊಡ್ಡ ವ್ಯತ್ಯಾಸವೆಂದರೆ, ಬಲೆನೋದಲ್ಲಿ ಮುಂದಿನ ಚಕ್ರಗಳನ್ನು ತಿರುಗಿಸಲು ಅಡ್ಡಲಾಗಿ ಕೂರಿಸಿದ್ದ ಎಂಜಿನ್ ಅನ್ನು ನಾವು ಜಿಪ್ಸಿಯಲ್ಲಿ ಉದ್ದಕ್ಕೆ ಕೂರಿಸುತ್ತಿದ್ದೇವೆ. ಹಾಗಾಗಿ ಆಯಿಲ್ ಚೇಂಬರ್ (ಎಂಜಿನ್ನಿನ ತಳದ ಎಣ್ಣೆ ತೊಟ್ಟಿ), ನೀರಿನ ಕೊಳವೆಗಳ ಬಾಯಿ, ಮೌಂಟಿಂಗ್ ಕಿವಿಗಳು, ಏರ್ ಫಿಲ್ಟರಿನ ದಿಕ್ಕು ಎಲ್ಲವೂ ಬೇರೆ ಕೋಣೆಗೆಂದು ರೂಪಿಸಿದ ವಸ್ತುಗಳೇ.

ಎರಡು ಎಂಜಿನ್‌ಗಳನ್ನೂ ಒಂದೇ ಮಟ್ಟದ ಮೇಜಿನ ಮೇಲಿಟ್ಟು, ಎಂಜಿನ್ನಿನ ಮುಖ್ಯ ಶಾಫ್ಟ್ ಆದ ಕ್ರ್ಯಾಂಕಿನ ಮಧ್ಯಬಿಂದುವಿನಿಂದ ಮೇಲಕ್ಕೆ, ಕೆಳಕ್ಕೆ ಮತ್ತು ಬದಿಗಳಿಗೆ ಇರುವ ದೂರಗಳನ್ನು ಬರೆದುಕೊಳ್ಳಿ. ಹಿಂಬದಿಯ ಮುಖದಿಂದ ಫ್ಲೈವೀಲ್ (ಕ್ರ್ಯಾಂಕಿನ ಹಿಂತುದಿಯ ಭಾರದ ಚಕ್ರ) ಕೂರುವ ಮುಖಕ್ಕಿರುವ ಆಳ, ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ಒಂದೇ ಸಾಲಿಗೆ ತರುವ ಡೋವೆಲ್ ಪಿನ್ನುಗಳ ಜಾಗ ಮತ್ತು ದಪ್ಪ, ಬೆಲ್ ಹೌಸಿಂಗಿನ (ಕ್ಲಚ್ಚನ್ನು ಮುಚ್ಚುವ ಗೇರ್‌ಬಾಕ್ಸಿನ ಮುಂಗವಚ) ಪ್ರತಿಯೊಂದು ಬೋಲ್ಟ್ ತೂತು, ಇವನ್ನೂ ಒಂದೊಂದಾಗಿ ಹೋಲಿಸಿ. ‘ಎಲ್ಲಾ ಕೂಡುತ್ತೆ ಸಾರ್, ಒಂದೇ ಫ್ಯಾಮಿಲಿ’ ಎಂಬ ಮಾತಿನ ಮೇಲೆ ಕೆಲಸ ಆರಂಭಿಸಬಾರದು. ಕೂಡುವ ತೂತುಗಳು ಎಷ್ಟು, ಕೂಡದವು ಎಷ್ಟು ಎಂಬುದರ ಮೇಲೆ ಮುಂದಿನ ಇಡೀ ಲೆಕ್ಕ ನಿಂತಿದೆ.

ಈ ಅಳತೆಯ ನಂತರ ಮಾರ್ಪಡಿಸಬೇಕಾದ ಭಾಗಗಳ ಪಟ್ಟಿ ಮಾಡಿ, ಪ್ರತಿಯೊಂದರ ಮುಂದೆ ಅದು ಸೋತರೆ ಏನಾಗುತ್ತದೆ ಎಂದು ಬರೆಯಿರಿ. ಏರ್ ಫಿಲ್ಟರಿನ ಕೊಳವೆ ಕಳಚಿದರೆ ಗಾಡಿ ಕೆಮ್ಮುತ್ತದೆ. ಪೆಟ್ರೋಲ್ ಪೈಪು ಕಳಚಿದರೆ ಬೆಂಕಿ. ಫ್ಲೈವೀಲ್ ಒಡೆದರೆ ಅದರ ಚೂರುಗಳು ಬರುವುದು ಚಾಲಕನ ಕಾಲುಗಳ ಕಡೆಗೆ. ಸೋಲಿನ ಬೆಲೆ ಹೆಚ್ಚಿದಷ್ಟೂ ಆ ಭಾಗವನ್ನು ಮಾರ್ಪಡಿಸುವ ಬದಲು ಸರಿಹೊಂದುವ ಮೂಲ ಭಾಗವನ್ನೇ ಹುಡುಕಿ ತರುವುದು ಜಾಣತನ. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರಗಳಲ್ಲಿ ಎರಡು ದಿನ ಅಲೆಯುವ ಖರ್ಚು ಲೇತ್ ಕೆಲಸಕ್ಕಿಂತ ಬಹಳ ಸಲ ಕಡಿಮೆಯೇ ಆಗುತ್ತದೆ.

ಹಂತ 3: ಆಯಿಲ್ ಚೇಂಬರ್

ಈ ಬದಲಾವಣೆಯಲ್ಲಿ ಎಂಜಿನ್ ಅನ್ನೇ ಕೊಲ್ಲಬಲ್ಲ ಮಾರ್ಪಾಡೆಂದರೆ ಇದು. ಆದರೂ ಹೆಚ್ಚಿನ ಗ್ಯಾರೇಜುಗಳಲ್ಲಿ ಇದನ್ನು ಬರೀ ತಗಡಿನ ಕೆಲಸವೆಂದು ಮುಗಿಸಿಬಿಡುತ್ತಾರೆ. ಜಿಪ್ಸಿಯ ಮುಂದಿನ ಆಕ್ಸಲ್ ಗಟ್ಟಿಯಾದ ಒಂದೇ ತೊಲೆ. ಗುಂಡಿ ಬಂದಾಗ ಲೀಫ್ ಸ್ಪ್ರಿಂಗ್ ಕುಗ್ಗಿ ಅದು ಡಿಫರೆನ್ಷಿಯಲ್ ಸಮೇತ ಮೇಲೇರುತ್ತದೆ. ಗಾಡಿ ನಿಂತಿರುವಾಗ ಚೇಂಬರಿಗೂ ಡಿಫರೆನ್ಷಿಯಲ್‌ಗೂ ನಡುವೆ ಮೂರು ಬೆರಳು ಹೋಗುತ್ತವೆ ಎಂಬುದು ಸಾಲದು. ಆಕ್ಸಲ್ ಅನ್ನು ಜ್ಯಾಕಿನಿಂದ ಎತ್ತಿ, ಅದು ರಬ್ಬರ್ ಸ್ಟಾಪಿಗೆ ತಾಗಿ ನಿಂತ ಸ್ಥಿತಿಯಲ್ಲಿ ಜಾಗವನ್ನು ಅಳೆಯಬೇಕು, ಮತ್ತು ಎಂಜಿನ್ ತನ್ನ ಮೌಂಟಿಂಗ್ ರಬ್ಬರಿನ ಮೇಲೆ ಆಚೀಚೆ ವಾಲುವುದಕ್ಕೂ ಅದರಲ್ಲಿ ಪಾಲು ಬಿಡಬೇಕು.

ಚೇಂಬರನ್ನು ಕತ್ತರಿಸಿ ಆಕಾರ ಬದಲಿಸಿದೊಡನೆ ಒಳಗಿರುವ ಪಿಕಪ್ ಕೊಳವೆಯೂ ಬದಲಾಗಲೇಬೇಕಾಗುತ್ತದೆ. ಎಣ್ಣೆ ಹೀರುವ ಜಾಲರಿಯ ತುದಿಗೂ ಚೇಂಬರಿನ ತಳಕ್ಕೂ ನಡುವೆ ಸುಮಾರು 6ರಿಂದ 10 ಮಿಲಿಮೀಟರ್ ಅಂತರ ಇರಬೇಕು. ಇದಕ್ಕಿಂತ ಕಡಿಮೆಯಾದರೆ ಎಣ್ಣೆಯ ಹರಿವಿಗೆ ತಡೆಯಾಗುತ್ತದೆ, ತಳಕ್ಕೆ ಕಲ್ಲು ಬಡಿದು ಒಳಕ್ಕೆ ನೆಗ್ಗಿದರಂತೂ ಬಾಯಿಯೇ ಮುಚ್ಚಿಹೋಗುತ್ತದೆ. ಹೆಚ್ಚಾದರೆ ಕಡಿದಾದ ಏರಿನಲ್ಲಿ ಎಣ್ಣೆ ಹಿಂದಕ್ಕೆ ಸರಿದಾಗ ಜಾಲರಿ ಗಾಳಿ ಹೀರುತ್ತದೆ. ಅಂತರವನ್ನು ಕಣ್ಣಳತೆಯಲ್ಲಿ ನೋಡಲಾಗದು. ಜಾಲರಿಯ ತುದಿಗೆ ಕಣಕದ ಉಂಡೆಯೊಂದನ್ನು ಅಂಟಿಸಿ, ಚೇಂಬರನ್ನು ಪ್ಯಾಕಿಂಗ್ ಸಮೇತ ಕೂರಿಸಿ, ಬಿಚ್ಚಿ, ಒತ್ತಿಹೋದ ಉಂಡೆಯ ದಪ್ಪ ಅಳೆದರೆ ಖಚಿತವಾಗಿ ತಿಳಿಯುತ್ತದೆ.

ಕತ್ತರಿಸಿ ಬೆಸೆದ ಪಿಕಪ್ ಕೊಳವೆಯಲ್ಲಿ ಎರಡು ದೋಷಗಳು ಅಡಗಿರುತ್ತವೆ. ಬೆಸುಗೆಯಲ್ಲಿ ಸೂಜಿಮೊನೆಯಷ್ಟು ರಂಧ್ರವಿದ್ದರೂ ಅದು ಎಣ್ಣೆಯ ಮಟ್ಟಕ್ಕಿಂತ ಮೇಲಿದ್ದರೆ ಪಂಪು ಅಲ್ಲಿಂದ ಗಾಳಿ ಎಳೆಯುತ್ತದೆ. ಹೊರಗೆ ಒಂದು ಹನಿಯೂ ಸೋರುವುದಿಲ್ಲ, ಬಿಸಿಯಾದ ಮೇಲೆ ಎಣ್ಣೆಯ ಒತ್ತಡ ಮಾತ್ರ ಕಾರಣ ತೋರದೆ ಕುಸಿಯುತ್ತದೆ. ಎರಡನೆಯದು ಕಂಪನ: ಕೊಳವೆಯನ್ನು ಬ್ಲಾಕಿಗೆ ಹಿಡಿದಿಡುವ ಪಟ್ಟಿಯನ್ನು ‘ಅಡ್ಡ ಬರುತ್ತದೆ’ ಎಂದು ತೆಗೆದುಹಾಕಿದರೆ, ಬೆಸುಗೆಯ ಅಂಚಿನಲ್ಲಿ ಸೀಳು ಬಿಟ್ಟು ಕೊಳವೆ ಒಂದು ದಿನ ಚೇಂಬರಿನೊಳಗೆ ಉದುರುತ್ತದೆ. ಕೊಳವೆಯ ಒಂದು ತುದಿ ಮುಚ್ಚಿ, ನೀರಿನಲ್ಲಿ ಮುಳುಗಿಸಿ, ಇನ್ನೊಂದು ತುದಿಯಿಂದ ಗಾಳಿ ಹಾಕಿ ಗುಳ್ಳೆ ಬರುತ್ತದೆಯೇ ನೋಡಿ. ಪಟ್ಟಿಯನ್ನು ಹೊಸ ಜಾಗದಲ್ಲಾದರೂ ಮತ್ತೆ ಕಟ್ಟಿ. ಪಂಪಿಗೆ ಕೂಡುವ ಬಾಯಿಯ ರಬ್ಬರ್ ಉಂಗುರ ಯಾವಾಗಲೂ ಹೊಸದೇ ಆಗಿರಲಿ.

ಚೇಂಬರಿನ ಬೆಸುಗೆಗಳಿಗೆ ಒಳಗಿನಿಂದ ಸೀಮೆಎಣ್ಣೆ ತುಂಬಿ, ಹೊರಗೆ ಸೀಮೆಸುಣ್ಣದ ಪುಡಿ ಸವರಿ ಒಂದು ರಾತ್ರಿ ಇಟ್ಟರೆ, ಜಿನುಗುವ ಜಾಗ ಕಲೆಯಾಗಿ ಕಾಣಿಸುತ್ತದೆ. ವೆಲ್ಡಿಂಗ್ ಮಾಡಿದಾಗ ಸಿಡಿದ ಲೋಹದ ಹನಿಗಳು ಒಳಗೋಡೆಗೆ ಅಂಟಿಕೊಂಡಿರುತ್ತವೆ. ಉಜ್ಜಿ ತೆಗೆಯದಿದ್ದರೆ ಬಿಸಿ ಎಣ್ಣೆಯಲ್ಲಿ ಒಂದೊಂದಾಗಿ ಕಳಚಿ ಪಂಪಿನ ಹಲ್ಲಿಗೆ ಸೇರುತ್ತವೆ. ಕೊನೆಗೆ, ಆಕಾರ ಬದಲಾದ ಚೇಂಬರಿಗೆ ಹಳೆಯ ಡಿಪ್‌ಸ್ಟಿಕ್ ಸುಳ್ಳು ಹೇಳುತ್ತದೆ. ಮೂಲ ಚೇಂಬರಿನಷ್ಟೇ ಎಣ್ಣೆ ಹಿಡಿಯುತ್ತದೆಯೇ ಎಂದು ಅಳೆದು ಹುಯ್ದು, ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಕಡ್ಡಿಗೆ ಹೊಸ ಗೆರೆ ಹಾಕಬೇಕು.

ಹಂತ 4: ಫ್ಲೈವೀಲ್, ಕ್ಲಚ್, ಬೆಲ್ ಹೌಸಿಂಗ್

ಎಂಜಿನ್ನೂ ಗೇರ್‌ಬಾಕ್ಸೂ ಕೂಡುವ ಜಾಗದಲ್ಲಿ ಬೋಲ್ಟುಗಳ ಕೆಲಸ ಬಿಗಿಯಾಗಿ ಹಿಡಿಯುವುದು ಮಾತ್ರ. ಎರಡರ ಮಧ್ಯರೇಖೆಯನ್ನು ಒಂದೇ ಸಾಲಿಗೆ ತರುವುದು ಡೋವೆಲ್ ಪಿನ್ನುಗಳು. ತೂತುಗಳು ಕೂಡದಿದ್ದಾಗ ಎರಡರ ನಡುವೆ ಇಡಲು ಅಡಾಪ್ಟರ್ ಪ್ಲೇಟ್ ಮಾಡಿಸುವವರು ಬೋಲ್ಟ್ ತೂತುಗಳನ್ನು ಸರಿಯಾಗಿಯೇ ಕೊರೆಯುತ್ತಾರೆ, ಆದರೆ ಪಿನ್ನಿನ ತೂತನ್ನು ಅಂದಾಜಿನಲ್ಲಿ ಕೊರೆಯುತ್ತಾರೆ ಅಥವಾ ಪಿನ್ನುಗಳನ್ನೇ ಬಿಟ್ಟುಬಿಡುತ್ತಾರೆ. ಆಗ ಗೇರ್‌ಬಾಕ್ಸಿನ ಶಾಫ್ಟ್ ಕ್ರ್ಯಾಂಕಿನ ಮಧ್ಯಕ್ಕೆ ಕೂದಲೆಳೆಯಷ್ಟು ಓರೆಯಾಗಿ ಕೂರುತ್ತದೆ. ಗಾಡಿ ಓಡುತ್ತದೆ, ಗೇರೂ ಬೀಳುತ್ತದೆ. ಕೆಲವು ತಿಂಗಳ ನಂತರ ಆ ಶಾಫ್ಟಿನ ತುದಿ ಕೂರುವ ಪೈಲಟ್ ಬೇರಿಂಗ್ ಕಿರುಗುಟ್ಟತೊಡಗುತ್ತದೆ, ಕ್ಲಚ್ ಪ್ಲೇಟಿನ ನಡುವಿನ ರಿವೆಟ್‌ಗಳು ಸಡಿಲವಾಗುತ್ತವೆ, ಗೇರ್ ಬದಲಿಸುವಾಗ ಒರಟುತನ ಬರುತ್ತದೆ, ಮತ್ತು ಅಷ್ಟು ಹೊತ್ತಿಗೆ ಬೈಗುಳ ತಿನ್ನುವುದು ಪಾಪದ ಗೇರ್‌ಬಾಕ್ಸ್.

ಇದನ್ನು ಮೊದಲೇ ಹಿಡಿಯಲು ಡಯಲ್ ಗೇಜ್ ಬೇಕು. ಗೇಜಿನ ಬುಡವನ್ನು ಕ್ರ್ಯಾಂಕಿನ ಹಿಂತುದಿಗೆ ಬಿಗಿದು, ಸೂಜಿಯನ್ನು ಗೇರ್‌ಬಾಕ್ಸ್ ಕೇಸಿನ ಮುಂಬದಿಯ ಬೇರಿಂಗ್ ರಂಧ್ರದ ಒಳಗೋಡೆಗೆ ತಾಗಿಸಿ, ಕ್ರ್ಯಾಂಕನ್ನು ಕೈಯಿಂದ ಒಂದು ಸುತ್ತು ತಿರುಗಿಸಬೇಕು. ಹಾಳಾದ ಗೇರ್‌ಬಾಕ್ಸಿನ ಖಾಲಿ ಕೇಸೊಂದನ್ನು ಗುಜರಿಯಿಂದ ತಂದಿಟ್ಟುಕೊಂಡರೆ ಈ ಕೆಲಸ ಬಹಳ ಸುಲಭ. ಸೂಜಿಯ ಒಟ್ಟು ಓಲಾಟ 0.12 ಮಿಲಿಮೀಟರ್ ಆಸುಪಾಸಿನೊಳಗೆ ಇರಬೇಕೆಂಬುದು ಈ ಕೆಲಸದಲ್ಲಿ ರೂಢಿಯಲ್ಲಿರುವ ಮಿತಿ. ನಿಜವಾದ ಓರೆ ಅದರ ಅರ್ಧ. ಮೀರಿದ್ದರೆ ಪ್ಲೇಟನ್ನು ಸರಿಸಿ, ಮಧ್ಯಕ್ಕೆ ತಂದು, ಆಮೇಲೆ ಪಿನ್ನಿನ ತೂತನ್ನು ಕೊರೆಯಿಸಿ. ಕೊರೆಯುವುದು ಕೊನೆಯ ಕೆಲಸವಾಗಬೇಕು, ಮೊದಲಿನದಲ್ಲ.

ಪ್ಲೇಟಿನ ದಪ್ಪವೂ ಬೆಲೆ ಕೇಳುತ್ತದೆ. ಹತ್ತು ಮಿಲಿಮೀಟರ್ ಪ್ಲೇಟ್ ಹಾಕಿದರೆ ಗೇರ್‌ಬಾಕ್ಸಿನ ಶಾಫ್ಟ್ ಅಷ್ಟೇ ಹಿಂದಕ್ಕೆ ಹೋಗುತ್ತದೆ. ಅದರ ತುದಿ ಪೈಲಟ್ ಬೇರಿಂಗಿನೊಳಗೆ ಪೂರ್ತಿ ಕೂರುವುದಿಲ್ಲ, ಕ್ಲಚ್ ಫೋರ್ಕಿನ ಕೋನ ಬದಲಾಗುತ್ತದೆ, ಸ್ಟಾರ್ಟರಿನ ಹಲ್ಲು ಫ್ಲೈವೀಲಿನ ಹಲ್ಲಿಗೆ ಅರ್ಧ ಮಾತ್ರ ಸಿಗುತ್ತದೆ. ಮೂರನ್ನೂ ಬೇರೆಬೇರೆಯಾಗಿ ಸರಿಪಡಿಸಬೇಕಾಗುತ್ತದೆ.

ಫ್ಲೈವೀಲಿಗೆ ಹೊಸ ತೂತು ಕೊರೆಯುವ ವಿಷಯದಲ್ಲಿ ನನ್ನ ಅಭಿಪ್ರಾಯ ಕಟುವಾಗಿಯೇ ಇದೆ. ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್ ಕೂರಿಸಲು ಅಂಚಿನ ಕಡೆ ತೂತು ಕೊರೆಯುವುದನ್ನು ಒಳ್ಳೆಯ ಯಂತ್ರದ ಮೇಲೆ, ಕೋನದ ಅಳತೆ ಹಿಡಿದು ಮಾಡಿಸಿ, ನಂತರ ಪ್ರೆಶರ್ ಪ್ಲೇಟ್ ಸಮೇತ ಬ್ಯಾಲೆನ್ಸ್ ಮಾಡಿಸಿದರೆ ಒಪ್ಪಬಹುದು. ಕ್ರ್ಯಾಂಕಿಗೆ ಬಿಗಿಯುವ ನಡುವಿನ ತೂತುಗಳನ್ನು ಮಾತ್ರ ಯಾರೂ ಮುಟ್ಟಬಾರದು. ತೂಕ ಇಳಿಸಲೆಂದು ಲೇತಿನಲ್ಲಿ ಬೀಡುಕಬ್ಬಿಣದ ಫ್ಲೈವೀಲ್ ಕೊರೆಸುವುದಂತೂ ಸಲ್ಲದು. ನಿಮಿಷಕ್ಕೆ ಆರು ಸಾವಿರ ಸುತ್ತಿನಲ್ಲಿ ಅದು ಹೊರುವ ಸೆಳೆತ ಕಣ್ಣಿಗೆ ಕಾಣುವಂಥದ್ದಲ್ಲ. ಕ್ರ್ಯಾಂಕಿಗೆ ಹೋಗುವ ಬೋಲ್ಟುಗಳನ್ನು ಹೊಸದಾಗಿ ಕೊಂಡು, ಲಾಕಿಂಗ್ ಅಂಟು ಹಚ್ಚಿ, ಟಾರ್ಕ್ ರೆಂಚಿನಿಂದಲೇ ಬಿಗಿಯಬೇಕು.

ಹಂತ 5: ಮೌಂಟಿಂಗ್ ಮತ್ತು ನಡುವಿನ ಶಾಫ್ಟ್

ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸ್ (ಬಲವನ್ನು ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಪೆಟ್ಟಿಗೆ) ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ. ಚಾಸಿಗೆ ತನ್ನದೇ ರಬ್ಬರ್ ಮೌಂಟಿಂಗ್‌ಗಳ ಮೇಲೆ ಬೇರೆಯಾಗಿ ತೂಗುತ್ತದೆ, ಎರಡರ ನಡುವೆ ಒಂದು ಗಿಡ್ಡ ಶಾಫ್ಟ್ ಇದೆ. ಎತ್ತರದ ಎಂಜಿನ್ ಒಳಸೇರಲೆಂದು ಇಡೀ ಜೋಡಣೆಯನ್ನು ಒಂದಿಂಚು ಮುಂದಕ್ಕೆ ಸರಿಸಿದಾಗ ಎಲ್ಲರೂ ರೇಡಿಯೇಟರ್ ಕಡೆ ನೋಡುತ್ತಾರೆ. ಈ ಗಿಡ್ಡ ಶಾಫ್ಟಿನ ಜಾರುವ ತುದಿ ಎಷ್ಟು ಹೊರಬಂತೆಂದು ನೋಡುವವರು ಕಡಿಮೆ. ಹಲ್ಲುಗಳು ಸ್ವಲ್ಪವೇ ಹಿಡಿದಿದ್ದರೆ ಲೋ ಗೇರಿನ ಭಾರಕ್ಕೆ ಅವು ಸವೆದು ತಿರುಚಿಕೊಳ್ಳುತ್ತವೆ. ಎಂಜಿನ್ ಹಿಂಬದಿ ಎತ್ತರಿಸಿದರೆ ಅಥವಾ ತಗ್ಗಿಸಿದರೆ ಶಾಫ್ಟಿನ ಎರಡು ತುದಿಗಳ ಕೋನ ಸಮವಾಗಿ ಉಳಿಯದೆ, ಒಂದು ನಿರ್ದಿಷ್ಟ ವೇಗದಲ್ಲಿ ನಡುಕ ಹುಟ್ಟುತ್ತದೆ.

1.3ರ ಸುಮಾರು 103 ನ್ಯೂಟನ್ ಮೀಟರ್ ತಿರುಚುಬಲಕ್ಕೆ ಲೆಕ್ಕ ಹಾಕಿದ್ದ ಮೌಂಟಿಂಗ್ ರಬ್ಬರುಗಳ ಮೇಲೆ ಈಗ ಸುಮಾರು 130ರ ಹೊರೆ ಬೀಳುತ್ತದೆ, ಲೋ ಗೇರಿನಲ್ಲಿ ಟ್ರಾನ್ಸ್‌ಫರ್ ಕೇಸಿನ ಮೌಂಟಿಂಗ್‌ಗಳಿಗೆ ಅದು ಹಲವು ಪಟ್ಟಾಗಿ ತಲುಪುತ್ತದೆ. ಮೂಲ ರಬ್ಬರುಗಳನ್ನು ಹೊಸದಾಗಿ ಹಾಕಿ. ರಬ್ಬರನ್ನೇ ತೆಗೆದು ಕಬ್ಬಿಣದ ತುಂಡು ಇಡುವುದು ಪರಿಹಾರವಲ್ಲ, ಅದು ಕಂಪನವನ್ನು ಚಾಸಿಗೆ ಸಾಗಿಸಿ ಬೇರೆಲ್ಲೋ ಸೀಳು ಬಿಡಿಸುತ್ತದೆ. ಮೌಂಟಿಂಗ್ ಬ್ರಾಕೆಟ್‌ಗಳನ್ನು ಚಾಸಿಗೆ ಬೆಸೆಯುವಾಗ, ಚಾಸಿಯ ಮೇಲಂಚು ಕೆಳಂಚುಗಳ ಅಡ್ಡಕ್ಕೆ ಬೆಸುಗೆ ಎಳೆಯಬಾರದು. ಬದಿಯ ಗೋಡೆಗೆ ಅಗಲವಾದ ತಗಡನ್ನು ಬೆಸೆದು, ಅದರ ಮೇಲೆ ಬ್ರಾಕೆಟ್ ಕೂರಿಸಿ, ಮೂಲೆಗೆ ತ್ರಿಕೋನದ ಆಸರೆ ಕೊಟ್ಟರೆ ಹೊರೆ ಹಂಚಿಹೋಗುತ್ತದೆ.

ಹಂತ 6: ನೀರು, ಪೆಟ್ರೋಲ್, ವೈರಿಂಗ್

ಕತ್ತರಿಸಿದ ನೀರಿನ ಕೊಳವೆಯ ತುದಿಗೆ ಮೂಲದಲ್ಲಿದ್ದ ಉಬ್ಬುಗೆರೆ ಉಳಿದಿರುವುದಿಲ್ಲ. ಕ್ಲಿಪ್ಪು ಎಷ್ಟು ಬಿಗಿದರೂ ಬಿಸಿಯಾದಾಗ ಹೋಸ್ ಜಾರುತ್ತದೆ, ಆದ್ದರಿಂದ ಉಬ್ಬುಗೆರೆ ಮತ್ತೆ ಮಾಡಿಸಿ. ರೇಡಿಯೇಟರಿನ ಮುಚ್ಚಳ ಎಂಜಿನ್ನಿನ ಅತಿ ಎತ್ತರದ ನೀರಿನ ದಾರಿಗಿಂತ ಕೆಳಗಾದರೆ ಗಾಳಿ ಹೆಡ್ಡಿನಲ್ಲಿ ಸಿಕ್ಕಿಕೊಳ್ಳುತ್ತದೆ, ಎತ್ತರದ 1.6ರಲ್ಲಿ ಹೀಗಾಗುವ ಸಾಧ್ಯತೆ ಹೆಚ್ಚಾದ್ದರಿಂದ ಮೇಲಿನ ಕೊಳವೆಯಲ್ಲಿ ಗಾಳಿ ಬಿಡುವ ಬಾಯೊಂದು ಇರಬೇಕು. ಹೀಟರಿನ ಕೊಳವೆಗಳು ಬೇಡವೆಂದು ಮುಚ್ಚಿಬಿಡುವ ಮುನ್ನ, ಥರ್ಮೋಸ್ಟಾಟ್ ಮುಚ್ಚಿರುವಾಗ ನೀರು ತಿರುಗುವ ದಾರಿ ಅದೇ ಆಗಿದೆಯೇ ಎಂದು ನೋಡಿಕೊಳ್ಳಿ. ಫ್ಯಾನಿನ ಸುತ್ತಲಿನ ಕವಚವನ್ನು ಜಾಗ ಸಾಲದೆಂದು ಎಸೆಯುವುದು ತೋಟದೊಳಗೆ ನಿಧಾನವಾಗಿ ಏರುವ ಗಾಡಿಗೆ ದೊಡ್ಡ ನಷ್ಟ.

ಕಾರ್ಬುರೇಟರ್ ಜಿಪ್ಸಿಯನ್ನು ಇಂಜೆಕ್ಷನ್ ಎಂಜಿನ್ನಿಗೆ ಬದಲಿಸುತ್ತಿದ್ದರೆ ಪೆಟ್ರೋಲ್ ದಾರಿಯಲ್ಲಿ ಯಾವ ಹಳೆಯ ರಬ್ಬರೂ ಉಳಿಯಬಾರದು. ಕಾರ್ಬುರೇಟರಿಗೆ ಹೋಗುವ ಒತ್ತಡ ಒಂದು ಬಾರ್‌ನ (ಬಾರ್ ಎಂದರೆ ಒತ್ತಡದ ಅಳತೆ) ಮೂರನೇ ಒಂದು ಭಾಗದಷ್ಟೂ ಇರುವುದಿಲ್ಲ. ಇಂಜೆಕ್ಷನ್ನಿಗೆ ಎರಡೂವರೆಯಿಂದ ಮೂರು ಬಾರ್ ಬೇಕು. ಈಗ ಬಂಕುಗಳಲ್ಲಿ ಸಿಗುವ, ಶೇಕಡ ಇಪ್ಪತ್ತರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಹಳೆಯ ಕಾಲದ ರಬ್ಬರನ್ನು ಬೇಗ ಒಡೆಯುತ್ತದೆ. ಇಂಜೆಕ್ಷನ್ ದರ್ಜೆಯ ಪೈಪು, ಅಂಚು ಕೊರೆಯದ ಕ್ಲಿಪ್ಪು, ಎಕ್ಸಾಸ್ಟಿನಿಂದ ದೂರ, ಇಷ್ಟು ಕಡ್ಡಾಯ.

ವೈರಿಂಗಿನಲ್ಲಿ ಬರುವ ತೊಂದರೆಗಳು ಜೀವಕ್ಕೆ ಅಪಾಯ ತರುವುದು ಕಡಿಮೆ, ತಾಳ್ಮೆಗೆ ಮಾತ್ರ ಮಿತಿಯಿಲ್ಲದಷ್ಟು ತರುತ್ತವೆ. ಬಲೆನೋದ ವೈರಿಂಗ್ ಕಟ್ಟನ್ನು ಕತ್ತರಿಸದೆ ಇಡಿಯಾಗಿ, ಅದರದೇ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಮತ್ತು ಸೆನ್ಸರುಗಳೊಂದಿಗೆ ಕೊಳ್ಳಿ. ಇಮ್ಮೊಬಿಲೈಸರ್ (ಸರಿಯಾದ ಕೀಲಿಯಿಲ್ಲದೆ ಎಂಜಿನ್ ಹೊತ್ತದಂತೆ ತಡೆಯುವ ಸಾಧನ) ಇರುವ ಗಾಡಿಯದಾದರೆ ಅದರ ಕೀಲಿಯೂ ಬೇಕು. ಉದ್ದ ಸಾಲದ ವೈರುಗಳನ್ನು ತಿರುಚಿ ಟೇಪು ಸುತ್ತದೆ ಕ್ರಿಂಪ್ ಮಾಡಿಸಿ. ಎಂಜಿನ್ ಬ್ಲಾಕಿನಿಂದ ಚಾಸಿಗೆ ಮತ್ತು ಬ್ಯಾಟರಿಗೆ ದಪ್ಪನೆಯ ಅರ್ತ್ ವೈರುಗಳನ್ನು, ಬಣ್ಣ ಕೆರೆದ ಜಾಗದಲ್ಲಿ ಬಿಗಿಯಿರಿ. ಕಾರಣ ಸಿಗದೆ ಬಂದು ಹೋಗುವ ದೋಷಗಳಲ್ಲಿ ಅರ್ತ್ ಸರಿಯಿಲ್ಲದವೇ ಬಹಳ.

ಹಂತ 7: ಮೊದಲ ಸ್ಟಾರ್ಟ್, ಮೊದಲ ಸಾವಿರ ಕಿಲೋಮೀಟರ್

ಇಗ್ನಿಷನ್ ಮತ್ತು ಪೆಟ್ರೋಲ್ ಎರಡನ್ನೂ ಕಳಚಿ, ಎಣ್ಣೆಯ ಒತ್ತಡ ತೋರಿಸುವ ಮುಳ್ಳಿನ ಗೇಜೊಂದನ್ನು ಹಾಕಿ, ಒತ್ತಡ ಏರುವವರೆಗೆ ಸ್ಟಾರ್ಟರಿನಿಂದ ಬಿಟ್ಟು ಬಿಟ್ಟು ತಿರುಗಿಸಿ. ಆಮೇಲಷ್ಟೇ ಎಂಜಿನ್ ಹೊತ್ತಿಸಿ. ಈ ಗೇಜನ್ನು ತೆಗೆಯದೆ ಡ್ಯಾಶ್‌ಬೋರ್ಡಿನಲ್ಲಿ ಶಾಶ್ವತವಾಗಿ ಉಳಿಸಿಕೊಳ್ಳಿ. ಕಂಪನಿ ಕೊಟ್ಟ ಕೆಂಪು ದೀಪ ಹೊತ್ತುವ ಹೊತ್ತಿಗೆ ಬೇರಿಂಗ್‌ಗಳಿಗೆ ಆಗಬೇಕಾದದ್ದು ಆಗಿಹೋಗಿರುತ್ತದೆ. ಬಿಸಿಯಾದ ನಂತರ ಏರಿನಲ್ಲಿ ಮತ್ತು ಜೋರಾದ ತಿರುವಿನಲ್ಲಿ ಮುಳ್ಳು ಅಲುಗುತ್ತದೆಯೇ ನೋಡಿ. ಅಲುಗಿದರೆ ಪಿಕಪ್ ಗಾಳಿ ಹೀರುತ್ತಿದೆ, ಚೇಂಬರ್ ಇಳಿಸದೆ ಬೇರೆ ದಾರಿಯಿಲ್ಲ.

ಹೊಸ ಎಂಜಿನ್ನನ್ನು ಹಳೆಯದರಂತೆ ಅರಚಿಸುವುದೂ ಬೇಡ. ಆರು ಸಾವಿರ ಸುತ್ತಿನಲ್ಲಿ 1.3ರ ಪಿಸ್ಟನ್ ಸರಾಸರಿ ಸೆಕೆಂಡಿಗೆ 15 ಮೀಟರ್ ಓಡಿದರೆ, ಉದ್ದನೆಯ ಓಟದ 1.6ರಲ್ಲಿ ಅದೇ 18 ಮೀಟರ್. ಇದರ ಬಲ ಇರುವುದು ಕೆಳಗಿನ ಸುತ್ತುಗಳಲ್ಲಿ, ತೋಟದ ಕೆಲಸಕ್ಕೆ ಬೇಕಾದದ್ದೂ ಅದೇ.

ಮೊದಲ ನೂರು ಕಿಲೋಮೀಟರಿಗೆ ಎಣ್ಣೆ ಇಳಿಸಿ, ಫಿಲ್ಟರನ್ನು ಕತ್ತರಿಸಿ ಬಿಡಿಸಿ, ಮಡಿಕೆಗಳ ನಡುವೆ ಲೋಹದ ಪುಡಿ ಇದೆಯೇ ನೋಡಿ. ಐನೂರಕ್ಕೆ ಮೌಂಟಿಂಗ್, ಗಿಡ್ಡ ಶಾಫ್ಟ್ ಮತ್ತು ಬೆಲ್ ಹೌಸಿಂಗ್ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ ಮತ್ತೆ ಪರೀಕ್ಷಿಸಿ, ಬ್ರಾಕೆಟ್ ಬೆಸುಗೆಗಳನ್ನು ತೊಳೆದು ಕೂದಲೆಳೆಯಂಥ ಗೆರೆಗಳಿಗಾಗಿ ಹುಡುಕಿ. ಸಾವಿರಕ್ಕೆ ಇವೆಲ್ಲ ಇನ್ನೊಮ್ಮೆ. ಯಾವ ಗಾಡಿಯ ಯಾವ ಭಾಗವನ್ನು ಎಲ್ಲಿ ಹಾಕಲಾಗಿದೆ, ಯಾವುದನ್ನು ಎಷ್ಟು ಕತ್ತರಿಸಲಾಗಿದೆ, ಚೇಂಬರಿಗೆ ಎಷ್ಟು ಎಣ್ಣೆ ಹಿಡಿಯುತ್ತದೆ ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿ ಗಾಡಿಯಲ್ಲೇ ಇಡಿ. ಮುಂದೆ ಕ್ಲಚ್ ಬದಲಿಸಲು ಕೂರುವ ಮೆಕ್ಯಾನಿಕ್ ಬೇರೆಯವರೇ ಆಗಿರಬಹುದು. ಜಿಪ್ಸಿಯ ಪ್ಲೇಟ್ ಕೇಳಬೇಕೋ ಬಲೆನೋದ್ದು ಕೇಳಬೇಕೋ ಎಂಬುದು ಅವರಿಗೆ ಆ ಹಾಳೆಯಿಂದಲೇ ತಿಳಿಯಬೇಕು.